ಒಂದು ಬಹುಮಾನಿತ ಭಾಷಣ: ಅನನ್ವಯವೂ ಅದರ ಭಂಗವೂ

ವಾಕ್ಸ್ಪರ್ಧೆಗಳಲ್ಲಿ ಗೆದ್ದ ವಿದ್ಯಾರ್ಥಿಗಳ ಭಾಷಣಗಳು ಸಾಮಾನ್ಯವಾಗಿ ಪದಕದೊಡನೆಯೇ ಪೆಟ್ಟಿಗೆಯನ್ನು ಸೇರುವುವು. 1906ನೆಯ ಇಸವಿ ಏಪ್ರಿಲ್ 5ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಿಕ್ಸ್‌ಲಿ ಕಾ ಇಸಾಕಾ ಸೆಮೆ ಎಂಬ ತರುಣನು ಮಾಡಿದ ಭಾಷಣಕ್ಕೆ ಮಾತ್ರ ಆ ಗತಿಯೊದಗಲಿಲ್ಲ. ಈತನು ದಕ್ಷಿಣ ಆಫ್ರಿಕಾದ ನಟಾಲಿನವನು, ಜೂಲೂ ಜನಾಂಗದವನು. ವಿಷಯವು ಆಫ್ರಿಕಾದ ಪುನರುಜ್ಜೀವನ. ದೊರೆತುದು ಕರ್ಟಿಸ್ ಪದಕದ ಪ್ರಥಮ ಬಹುಮಾನ. ಅದೇ ವರ್ಷ ಭಾಷಣವು ಲಂಡನ್ನಿನ ಆಫ್ರಿಕನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಆರಂಭದಲ್ಲಿಯೇ ವಕ್ತೃವು ತಾನು ಆಫ್ರಿಕಾದವನೆಂದು ಸಾರುವನು. ಸಭೆಯ ಅನುಗ್ರಹವನ್ನು ಬೇಡುವ ವಿನಯವು ಇಲ್ಲಿಲ್ಲ. ಬಳಿಕ ಬರುವುದೇ ಭಾಷಣದ ಪ್ರಾಣ: ಆಫ್ರಿಕಾವನ್ನು ಯೂರೋಪಿನೊಡನೆಯಾಗಲಿ ಮತ್ತಾವ ಖಂಡದೊಡನೆಯಾಗಲಿ ಹೋಲಿಸಬೇಡಿರಿ, ಸೋಲುವೆನೆಂಬ ಭಯದಿಂದಲ್ಲ, ಎಲ್ಲರಿಗೂ ಸಲ್ಲುವ ಒಂದೇ ಅಳತೆಗೋಲು ಇಲ್ಲವಾದುದರಿಂದ ಎಂಬುದು ಆತನ ವಾದ. ನಮ್ಮ ಆಲಂಕಾರಿಕರು ಇದಕ್ಕೆ ಅನನ್ವಯವೆಂದು ಹೆಸರಿಟ್ಟಿರುವರು. ವಸ್ತುವಿಗೆ ಆ ವಸ್ತುವೇ ಉಪಮಾನ. ಕವಿಗಳ ಕೈಯಲ್ಲಿ ಅದು ಸ್ತುತಿಯ ಸಾಧನ. ಪರಾಧೀನ ಜನಾಂಗದ ಈ ತರುಣನ ಬಾಯಲ್ಲಿ ಅದೇ ಹಕ್ಕಿನ ಸಾಧನೆಯಾಯಿತು. ಆಳುವವನ ಕೋಲಿನಿಂದ ತನ್ನನ್ನು ಅಳೆದುಕೊಳ್ಳಲೊಪ್ಪಿದವನು ವಾದವನ್ನು ಆರಂಭಿಸುವ ಮೊದಲೇ ಸೋತಂತೆ. ಸೆಮೆ ಆ ಕೋಲನ್ನೇ ನಿರಾಕರಿಸಿದನು.

ಆದರೆ ಬಹುಕಾಲ ಹುಡುಗರ ಪ್ರಬಂಧಗಳನ್ನು ತಿದ್ದಿದ ಕೈಯಿದು. ದೋಷ ಕಂಡರೆ ಸುಮ್ಮನಿರದು. ಹೋಲಿಕೆ ಬೇಡವೆಂದವನು ಒಡನೆಯೇ ನಮ್ಮನ್ನು ಥೀಬ್ಸ್ ನಗರಕ್ಕೆ ಕರೆದೊಯ್ದು, ಈಜಿಪ್ತಿನ ಪಿರಮಿಡ್ಡುಗಳು ಮಾನವನ ಉಳಿದೆಲ್ಲ ಕೃತಿಗಳನ್ನೂ ಮೀರಿದುವೆನ್ನುವನು. ಇದು ಅನನ್ವಯವಲ್ಲ, ವ್ಯತಿರೇಕ. ಮುಂದಿನ ಆಫ್ರಿಕಾವನ್ನು ಬಣ್ಣಿಸುವಾಗಲೂ ಆತನ ಕಣ್ಣಿಗೆ ಕಟ್ಟುವುದು ಗದ್ದಲದ ನಗರಗಳು, ಹಡಗುಗಳ ವ್ಯಾಪಾರ. ಆ ಪಟ್ಟಿ ಯಾರದು? ಬಿಟ್ಟೆನೆಂದ ಕೋಲು ಮತ್ತೆ ಕೈಗೆ ಬಂದಿದೆ.

ಇದಕ್ಕಿಂತ ದಂತ, ತಾಮ್ರ, ಚಿನ್ನಗಳಲ್ಲಿ ತನ್ನ ಜನರು ಮಾಡಿದ ಕುಸುರಿಯ ಕೆಲಸವನ್ನು ನೆನೆಯುವ ಚಿಕ್ಕ ಭಾಗವು ಎಷ್ಟೋ ಮೇಲು. ನಾಗರಿಕತೆಯನ್ನು ಗಿಡಕ್ಕೆ ಹೋಲಿಸಿ, ಬೀಜವು ಬೇರೆ ಮಣ್ಣಿಗೆ ಬಿದ್ದಾಗ ಬೇರೆ ತಳಿಯೇ ಹುಟ್ಟುವುದೆಂದಿರುವುದೂ ರಮ್ಯವಾಗಿದೆ; ಪ್ರತಿಜ್ಞೆಗೆ ಒಪ್ಪುವ ಉಪಮೆ ಇದೊಂದೇ.

ಸೆಮೆಯ ಮಾತು ಮಾತಿನಲ್ಲಿಯೇ ಮುಗಿಯಲಿಲ್ಲ. ನ್ಯಾಯವಾದಿಯಾಗಿ ಸ್ವದೇಶಕ್ಕೆ ಮರಳಿದ ಆತನ ಕರೆಯಂತೆ 1912ರ ಜನವರಿಯಲ್ಲಿ ಬ್ಲೂಮ್‌ಫಾಂಟೀನಿನಲ್ಲಿ ನೆರೆದ ಸಭೆಯೇ ಮುಂದೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಯಿತು. 1962ರಲ್ಲಿ ಘಾನಾದ ಅಧ್ಯಕ್ಷ ಎನ್‌ಕ್ರುಮಾ ಅವರು ಅಕ್ರಾದಲ್ಲಿ ವಿದ್ವಾಂಸರ ಮುಂದೆ ಈ ಭಾಷಣವನ್ನು ಉದ್ಧರಿಸಿದರು.

ಭಾಷಣದ ಕೊನೆಗೊಂದು ಪದ್ಯವಿದೆ. ಆಫ್ರಿಕಾ ತನ್ನ ಸೋದರಿ ಖಂಡಗಳಿಗೆ ಸಮನಾಗಿ ಬೆಳಗಲೆಂಬುದು ಅದರ ಹಾರೈಕೆ. ಸಮನಾಗಿ! ಗದ್ಯವು ಗಳಿಸಿದುದನ್ನು ಪದ್ಯವು ಒಂದೇ ಮಾತಿನಲ್ಲಿ ಕಳೆದಿದೆ. ಮನೆಯ ಮಕ್ಕಳಿಗೆ ಇದನ್ನು ಓದಿಹೇಳುವಾಗ ನಾನು ಆ ಪದ್ಯಕ್ಕೆ ಮುಂಚೆಯೇ ಪುಸ್ತಕವನ್ನು ಮುಚ್ಚುವೆನು.