ಹದಿನೆಂಟು ಕ್ರಿಯಾಪದಗಳ ಇಂಗ್ಲಿಷ್

ಕೇಂಬ್ರಿಡ್ಜಿನ ಸಿ. ಕೆ. ಆಗ್ಡೆನ್ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಎಂಬ ಪುಸ್ತಕ ಹೊರತಂದರು. ಅವರ ಪದಪಟ್ಟಿ ಒಂದೇ ಹಾಳೆಯಲ್ಲಿ ಹಿಡಿಸುವಷ್ಟು ಚಿಕ್ಕದು. ಒಟ್ಟು 850 ಪದ: 600 ನಾಮಪದ, 150 ಗುಣವಾಚಕ, ಉಳಿದ 100 ವಾಕ್ಯ ಕಟ್ಟಲು ಬೇಕಾದವು. ಆ ನೂರರಲ್ಲಿ ಕ್ರಿಯಾಪದಗಳು 18 ಮಾತ್ರ. ಕಮ್, ಗೆಟ್, ಗಿವ್, ಗೋ, ಕೀಪ್, ಲೆಟ್, ಮೇಕ್, ಪುಟ್, ಸೀಮ್, ಟೇಕ್, ಬಿ, ಡು, ಹ್ಯಾವ್, ಸೇ, ಸೀ, ಸೆಂಡ್. ಇವಕ್ಕೆ ಒತ್ತಾಸೆಯಾಗಿ ಮೇ ಮತ್ತು ವಿಲ್. ಇಷ್ಟನ್ನು ಕಲಿತವರು ಇಂಗ್ಲಿಷಿನಲ್ಲಿ ದಿನನಿತ್ಯದ ಯಾವ ಮಾತನ್ನಾದರೂ ಆಡಬಹುದು ಎಂಬುದು ಆಗ್ಡೆನ್ ವಾದ. ತೊಂಬತ್ತು ವರ್ಷ ದಾಟಿದ ಮೇಲೂ ಈ ಹಾಳೆಯನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಸಾರ್ಥಕವೆಂದೇ ನನ್ನ ನಂಬಿಕೆ. ಇಂಗ್ಲಿಷ್ ಕಲಿಕೆಯ ನಿಜವಾದ ಕಷ್ಟ ಎಲ್ಲಿದೆ ಎಂಬುದನ್ನು ಅದು ಅಚ್ಚುಕಟ್ಟಾಗಿ ಗುರುತಿಸಿತು, ಗುರುತಿಸಿದ ಕೂಡಲೇ ಅದನ್ನು ಲೆಕ್ಕದಿಂದ ಕೈಬಿಟ್ಟಿತು.

ಮೊದಲು ಅದರ ಹೆಚ್ಚುಗಾರಿಕೆ. 1923ರಲ್ಲಿ ಐ. ಎ. ರಿಚರ್ಡ್ಸ್ ಜತೆ ‘ದ ಮೀನಿಂಗ್ ಆಫ್ ಮೀನಿಂಗ್’ ಬರೆಯುವಾಗ, ಯಾವ ಪದಕ್ಕೆ ಅರ್ಥ ಹೇಳಹೊರಟರೂ ಅವೇ ಕೆಲವು ಪದಗಳು ಮತ್ತೆ ಮತ್ತೆ ಬರುವುದನ್ನು ಆಗ್ಡೆನ್ ಗಮನಿಸಿದ್ದರು. ಕ್ರಿಯಾಪದಗಳ ಮಟ್ಟಿಗೆ ಈ ಗಮನಿಕೆ ಇನ್ನೂ ಆಳಕ್ಕೆ ಹೋಯಿತು. ‘ಡಿಸೈಡ್’ ಬೇಕಿಲ್ಲ, ‘ಡಿಸಿಷನ್’ ಪಟ್ಟಿಯಲ್ಲಿದೆ, ಅದಕ್ಕೆ ‘ಮೇಕ್’ ಹಚ್ಚಿದರೆ ಸಾಕು. ‘ಆಸ್ಕ್’ ಇಲ್ಲ, ‘ಪುಟ್ ಎ ಕ್ವೆಶ್ಚನ್’ ಇದೆ. ತಳ್ಳಬೇಕಾದರೆ ‘ಗಿವ್ ಎ ಪುಷ್’, ಯತ್ನಿಸಬೇಕಾದರೆ ‘ಮೇಕ್ ಎನ್ ಅಟೆಂಪ್ಟ್’. ಇದು ಕೃತಕ ಭಾಷೆಯ ಕಸರತ್ತು ಎಂದು ಹಲವರು ತಳ್ಳಿಹಾಕಿದರು. ಇಂಗ್ಲಿಷ್ ಮನೆಮಾತಾಗಿರುವವರನ್ನು ಕೇಳಿ ನೋಡಿ, ಅವರು ಮಾತಾಡುವುದು ಬಹುಮಟ್ಟಿಗೆ ಹೀಗೆಯೇ. ‘ಹ್ಯಾವ್ ಎ ಲುಕ್’, ‘ಟೇಕ್ ಎ ರೆಸ್ಟ್’, ‘ಗಿವ್ ಮಿ ಎ ರಿಂಗ್’: ಕ್ರಿಯೆಯ ತಿರುಳನ್ನೆಲ್ಲ ನಾಮಪದಕ್ಕೆ ಒಪ್ಪಿಸಿ, ಕ್ರಿಯಾಪದ ಕಾಲವನ್ನೂ ಕರ್ತೃವನ್ನೂ ಹೊತ್ತು ನಿಲ್ಲುತ್ತದೆ. ಡೆನ್ಮಾರ್ಕಿನ ಭಾಷಾಪಂಡಿತ ಒಟ್ಟೊ ಯೆಸ್ಪರ್ಸನ್ ಇಂಥವನ್ನು ‘ಹಗುರ ಕ್ರಿಯಾಪದ’ ಎಂದು ಕರೆದದ್ದು 1942ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ ಅವುಗಳ ಮೇಲೆ ಇಡೀ ಒಂದು ಪಠ್ಯಕ್ರಮ ನಿಲ್ಲಿಸಿದ್ದು ಆಗ್ಡೆನ್ ಸಾಧನೆ.

ಇನ್ನು ತಕರಾರು. ಆಗ್ಡೆನ್ ಪದಗಳನ್ನು ಎಣಿಸಿದರು, ಪದಗಳ ಜೋಡಿಯನ್ನು ಎಣಿಸಲಿಲ್ಲ.

ಪಟ್ಟಿಯಲ್ಲಿರುವ ‘ಟ್ರಬಲ್’ ಎಂಬ ಪದವನ್ನೇ ತೆಗೆದುಕೊಳ್ಳೋಣ. ‘ಟೇಕ್ ಟ್ರಬಲ್’ ಎಂದರೆ ಮುತುವರ್ಜಿಯಿಂದ ಶ್ರಮ ವಹಿಸುವುದು, ಅದು ಮೆಚ್ಚುಗೆಯ ಮಾತು. ‘ಮೇಕ್ ಟ್ರಬಲ್’ ಎಂದರೆ ತಂಟೆ ಎಬ್ಬಿಸುವುದು. ‘ಗಿವ್ ಟ್ರಬಲ್’ ಎಂದರೆ ಇನ್ನೊಬ್ಬರಿಗೆ ಕಾಟ ಕೊಡುವುದು. ‘ಹ್ಯಾವ್ ಟ್ರಬಲ್’ ಎಂದರೆ ತಾನೇ ತೊಡಕಿನಲ್ಲಿರುವುದು. ಆಗ್ಡೆನ್ ಲೆಕ್ಕದಲ್ಲಿ ಇಲ್ಲಿರುವುದು ಐದು ಪದ: ನಾಲ್ಕು ಕ್ರಿಯಾಪದ, ಒಂದು ನಾಮಪದ. ಕಲಿಯುವವಳ ಲೆಕ್ಕದಲ್ಲಿ ಇವುಗಳ ಮೇಲೆ ಇನ್ನೂ ನಾಲ್ಕು ಕಲಿಕೆಗಳಿವೆ. ಐದನ್ನೂ ಬಿಡಿಬಿಡಿಯಾಗಿ ಬಲ್ಲವಳು, ಹೊಗಳಲು ಹೋಗಿ ‘ಮೇಕ್ ಟ್ರಬಲ್’ ಎಂದುಬಿಟ್ಟರೆ ತಪ್ಪು ಅವಳದ್ದು ಎನ್ನಲಾದೀತೇ? ‘ಟಾಕ್’ ಕೂಡ ಹೀಗೆಯೇ. ‘ಹ್ಯಾವ್ ಎ ಟಾಕ್’ ಇಬ್ಬರ ನಡುವಿನ ಮಾತುಕತೆ, ‘ಗಿವ್ ಎ ಟಾಕ್’ ವೇದಿಕೆಯ ಉಪನ್ಯಾಸ.

ಜೋಡಿಗಳಲ್ಲಿ ಒಂದಿಷ್ಟು ನಿಯಮವನ್ನು ಕಾಣಬಹುದು. ಇನ್ನೊಬ್ಬರಿಗೆ ತಾಕುವ ಕ್ರಿಯೆಗೆ ‘ಗಿವ್’ ಒಗ್ಗುತ್ತದೆ: ಒದೆತ, ಮುತ್ತು, ಉತ್ತರ, ಅಪ್ಪಣೆ. ತನ್ನ ಸುಖಕ್ಕೆ ಮಾಡಿಕೊಳ್ಳುವುದಕ್ಕೆ ‘ಹ್ಯಾವ್’ ಅಥವಾ ‘ಟೇಕ್’: ಈಜು, ವಿಶ್ರಾಂತಿ, ಸ್ನಾನ. ಹೊಸದೊಂದು ಫಲ ಕೈಗೆ ಬಂದರೆ ‘ಮೇಕ್’: ನಿರ್ಧಾರ, ಸಲಹೆ, ಲಾಭ. ಆದರೆ ಹಾನಿಯೂ ಒಂದು ಫಲವೇ, ಅದಕ್ಕೆ ಮಾತ್ರ ‘ಡು’. ಯುದ್ಧಕ್ಕೆ ‘ಮೇಕ್’, ಕಾಳಗಕ್ಕೆ ‘ಡು’. ಬ್ರಿಟನ್ನಿನವರು ಹೆಚ್ಚಾಗಿ ‘ಹ್ಯಾವ್ ಎ ಬಾತ್’ ಎಂದರೆ ಅಮೆರಿಕದವರು ‘ಟೇಕ್ ಎ ಬಾತ್’ ಎನ್ನುತ್ತಾರೆ. ಭಾಷಾವಿಜ್ಞಾನಿ ಆನಾ ವಿಯರ್ಜ್‌ಬಿಕಾ 1982ರ ತಮ್ಮ ಹೆಸರಾಂತ ಲೇಖನದಲ್ಲಿ ಒಂದು ಸೊಗಸಾದ ಪ್ರಶ್ನೆ ಎತ್ತಿದರು: ‘ಹ್ಯಾವ್ ಎ ಡ್ರಿಂಕ್’ ಸರಿ, ‘ಹ್ಯಾವ್ ಎನ್ ಈಟ್’ ಯಾಕೆ ಸಲ್ಲದು? ಈ ಬಳಕೆ ಮನಬಂದಂತೆ ಹುಟ್ಟಿದ್ದಲ್ಲ, ಇದರೊಳಗೆ ಅರ್ಥದ ವ್ಯವಸ್ಥೆಯೊಂದಿದೆ ಎಂದು ಅವರು ವಾದಿಸಿದರು. ಆ ವಾದವನ್ನು ನಾನು ಬಹುಪಾಲು ಒಪ್ಪುತ್ತೇನೆ. ಆದರೆ ಆ ವ್ಯವಸ್ಥೆ ಕಣ್ಣಿಗೆ ಬೀಳುವುದು ನೂರಾರು ಜೋಡಿಗಳು ಬಾಯಿಗೆ ಬಂದ ಮೇಲೆ. ಹೊಸದಾಗಿ ಕಲಿಯುವವರಿಗೆ ಅದು ಮೊದಲೇ ದಾರಿ ತೋರಿಸುವುದಿಲ್ಲ.

ಈ ಕೊರತೆಯನ್ನು ಆ ಕಾಲದವರೇ ಎತ್ತಿ ಹೇಳಿದ್ದರು. ಢಾಕಾದಲ್ಲಿ ವರ್ಷಗಟ್ಟಲೆ ದುಡಿದು, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸುವುದು ಹೇಗೆಂದು ತಲೆಕೆಡಿಸಿಕೊಂಡಿದ್ದ ಮೈಕೆಲ್ ವೆಸ್ಟ್, 1934ರಲ್ಲಿ ಜತೆಗಾರರೊಂದಿಗೆ ಬೇಸಿಕ್ ಇಂಗ್ಲಿಷಿನ ಕಟುವಾದ ವಿಮರ್ಶೆ ಪ್ರಕಟಿಸಿದರು. ತರಗತಿಯ ಕಷ್ಟ ಬಲ್ಲ ಅವರ ಮಾತಿಗೆ ತೂಕವಿತ್ತು. ಅದಕ್ಕೂ ಒಂದು ವರ್ಷ ಹಿಂದೆ, 1933ರಲ್ಲಿ, ಟೋಕಿಯೊದಲ್ಲಿ ಹೆರಾಲ್ಡ್ ಪಾಮರ್ ಇಂಗ್ಲಿಷಿನ ಪದಜೋಡಿಗಳ ಬಗ್ಗೆ ದೊಡ್ಡ ವರದಿಯೊಂದನ್ನು ಹೊರತಂದಿದ್ದರು. ಆ ಕೆಲಸದಲ್ಲಿ ಕೈಜೋಡಿಸಿದ ಎ. ಎಸ್. ಹಾರ್ನ್‌ಬಿ ಮುಂದೆ 1942ರಲ್ಲಿ ಜಪಾನಿನಲ್ಲಿ ಒಂದು ನಿಘಂಟು ತಂದರು. ಅದನ್ನೇ ಆಕ್ಸ್‌ಫರ್ಡ್ 1948ರಲ್ಲಿ ಮರುಮುದ್ರಿಸಿತು; ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಹಾರ್ನ್‌ಬಿ ನಿಘಂಟಿನ ಮೂಲ ಅದು. ಪಾಮರ್ ದಾರಿಯಲ್ಲಿ ದುಡಿಮೆ ಹೆಚ್ಚು, ಹೆಸರು ಕಡಿಮೆ. ಆಗ್ಡೆನ್ ಹಾಳೆಗೆ ಸಿಕ್ಕ ಪ್ರಚಾರವೇ ಬೇರೆ. 1943ರ ಸೆಪ್ಟೆಂಬರಿನಲ್ಲಿ ಹಾರ್ವರ್ಡಿನ ಭಾಷಣದಲ್ಲಿ ಚರ್ಚಿಲ್ ಅದನ್ನು ಎತ್ತಿಹಿಡಿದರು. 1949ರಲ್ಲಿ ಇಡೀ ಬೈಬಲ್ ಬೇಸಿಕ್ ಇಂಗ್ಲಿಷಿನಲ್ಲಿ ಬಂತು. ಬೈಬಲ್‌ಗೆ 850 ಪದ ಸಾಲದೆ 1000ಕ್ಕೆ ಏರಿಸಬೇಕಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು.

ಕನ್ನಡದವರಿಗೆ ಇದು ಎಲ್ಲೋ ನಡೆದ ವಾದವಾಗಿ ಕಾಣಬೇಕಿಲ್ಲ. ನಾವು ಊಟ ಮಾಡುತ್ತೇವೆ, ಸ್ನಾನ ಮಾಡುತ್ತೇವೆ, ನಿದ್ದೆ ಮಾಡುತ್ತೇವೆ, ಸಾಲ ಮಾಡುತ್ತೇವೆ. ಶಿಳ್ಳೆ ಮಾತ್ರ ಹೊಡೆಯುತ್ತೇವೆ, ಗೊರಕೆಯನ್ನೂ ಹೊಡೆಯುತ್ತೇವೆ. ‘ಗೊರಕೆ ಮಾಡಿದ’ ಎಂದು ಮೂರು ವರ್ಷದ ಮಗು ಹೇಳಿದರೆ ಮನೆಯವರು ನಕ್ಕು ತಿದ್ದುತ್ತಾರೆ, ನಿಯಮ ಹೇಳುವುದಿಲ್ಲ. ಬೇರೆ ಭಾಷೆಯ ಕ್ರಿಯಾಪದ ಬಂದರೂ ‘ಮಾಡು’ ಸೇರಿಸಿ ಒಳಗೆ ಕರೆದುಕೊಳ್ಳುವ ಅಭ್ಯಾಸ ನಮ್ಮದು: ಟ್ರೈ ಮಾಡು, ಅಡ್ಜಸ್ಟ್ ಮಾಡು. ಇಂಗ್ಲಿಷ್ ‘ಮೇಕ್’ ಎಂದೂ ‘ಡು’ ಎಂದೂ ಒಡೆದಿರುವಲ್ಲಿ ನಮಗೆ ಒಂದೇ ‘ಮಾಡು’ ಇರುವುದರಿಂದ ‘ಐ ಡಿಡ್ ಎ ಮಿಸ್ಟೇಕ್’ ಬಾಯಿಗೆ ಬರುತ್ತದೆ. ಇನ್ನೊಂದು ಕಡೆ, ಇಂಗ್ಲಿಷ್ ಕ್ರಿಯಾಪದವನ್ನೇ ಬದಲಿಸಬೇಕಾದ ಜಾಗದಲ್ಲಿ ನಾವು ಕ್ರಿಯಾಪದದ ಒಳಗೇ ಬದಲಾವಣೆ ತರುತ್ತೇವೆ. ಸ್ನಾನ ಮಾಡಿದೆ, ಮಗುವಿಗೆ ಸ್ನಾನ ಮಾಡಿಸಿದೆ. ಅಲ್ಲಿ ‘ಹ್ಯಾವ್ ಎ ಬಾತ್’ ಹೋಗಿ ‘ಗಿವ್ ದ ಬೇಬಿ ಎ ಬಾತ್’ ಬರುತ್ತದೆ. ‘ಪರೀಕ್ಷೆ ಬರೆದೆ’ ಎಂಬುದರಿಂದ ಬಂದ ‘ರೋಟ್ ದಿ ಎಗ್ಸಾಮ್’ ವಿಷಯದಲ್ಲಿ ನನ್ನ ನಿಲುವು ಬೇರೆ. ಅದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದ ಬಳಕೆ, ಅದಕ್ಕೆ ಕೆಂಪು ಶಾಯಿ ಬೇಕಿಲ್ಲ.

ಇಷ್ಟಾಗಿಯೂ ನಮ್ಮಲ್ಲಿ ಪಾಠದ ಕೊನೆಗೆ ಕೊಡುವ ಕಠಿಣ ಪದಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂಟಿ ಪದ, ಅದರ ಎದುರು ಒಂದು ಅರ್ಥ, ಅಷ್ಟೇ. ‘ಡ್ಯಾಮೇಜ್: ಹಾನಿ’ ಎಂದು ಬಾಯಿಪಾಠ ಮಾಡಿದವಳು ಅದನ್ನು ಯಾವ ಕ್ರಿಯಾಪದಕ್ಕೆ ಕೂಡಿಸಬೇಕೆಂದು ತಿಳಿಯದೆ ನಿಲ್ಲುತ್ತಾಳೆ. ಇದು ಆಗ್ಡೆನ್ ಮಾಡಿದ ಎಡವಟ್ಟೇ. ಅವರ ಒಳನೋಟದ ಲಾಭವನ್ನಂತೂ ನಾವು ಪಡೆದಿಲ್ಲ.

ಆ 600 ನಾಮಪದಗಳ ಮಗ್ಗುಲಲ್ಲಿ, ಪ್ರತಿಯೊಂದಕ್ಕೂ ಒಗ್ಗುವ ಕ್ರಿಯಾಪದವನ್ನು ಆಗ್ಡೆನ್ ಅಚ್ಚು ಹಾಕಿಸಿದ್ದರೆ ಒಂದು ಹಾಳೆಯ ಮೋಹ ಹೋಗುತ್ತಿತ್ತು, ಬಳಸಬಹುದಾದ ಪುಸ್ತಕ ಉಳಿಯುತ್ತಿತ್ತು. 2002ರಲ್ಲಿ ಬಂದ ಆಕ್ಸ್‌ಫರ್ಡ್ ಪದಜೋಡಿ ನಿಘಂಟು ಈ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿದೆ: ನಾಮಪದದ ಕೆಳಗೆ ಅದರ ಕ್ರಿಯಾಪದಗಳು ಸಾಲಾಗಿ ಸಿಗುತ್ತವೆ. ಅರ್ಥವಿವರಣೆ ಅದರಲ್ಲಿ ಕಡಿಮೆ. ಹಾಗಾಗಿ ‘ಟ್ರಬಲ್’ನ ಜೋಡಿಗಳಲ್ಲಿ ಹೊಗಳಿಕೆ ಯಾವುದು, ದೂರು ಯಾವುದು ಎಂದು ಕನ್ನಡದಲ್ಲಿ ಬಿಡಿಸಿ ಹೇಳಬೇಕಾದವರು ನಮ್ಮ ಮೇಷ್ಟರುಗಳೇ.