ಸೆನ್ಸಾರ್ ಉಳಿಸಿಕೊಟ್ಟ ದನಿಗಳು

ಮೈಸೂರು ಲ್ಯಾನ್ಸರ್ಸ್ ಬಗ್ಗೆ ಮಾತು ಶುರುವಾದರೆ ಅದು ಬಹುಮಟ್ಟಿಗೆ ಹೈಫಾಕ್ಕೆ ಬಂದು ನಿಲ್ಲುತ್ತದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಸವಾರರು ಮೆಷಿನ್ ಗನ್ನುಗಳ ಎದುರು ಕುದುರೆ ನುಗ್ಗಿಸಿ ಆ ಬಂದರು ಪಟ್ಟಣವನ್ನು ಗೆದ್ದರು. ಸೆರೆಸಿಕ್ಕವರು 1,350 ಮಂದಿ, ವಶವಾದ ಫಿರಂಗಿಗಳು 17. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರಲ್ಲಿ ಒಬ್ಬ ಮೈಸೂರಿನ ಪ್ರತಿನಿಧಿ. ಬೆಂಗಳೂರಿನಲ್ಲೂ ಒಂದು ಸ್ಮಾರಕವಿದೆ. ಇದೆಲ್ಲ ನೆನೆಯಬೇಕಾದದ್ದೇ. ಆದರೆ ಸಾಹಿತ್ಯದ ವಿದ್ಯಾರ್ಥಿಯಾಗಿ ನನ್ನದೊಂದು ತಕರಾರಿದೆ. ಈ ಕಥನದಲ್ಲಿ ಕುದುರೆ ಓಡುತ್ತದೆ, ಸವಾರ ಮಾತಾಡುವುದಿಲ್ಲ. ಕುದುರೆಗೆ ಹುಲ್ಲು ಹಾಕಿದ ಸಯಿಸನಂತೂ ಕಾಣುವುದೇ ಇಲ್ಲ.

ಮೊದಲ ಮಹಾಯುದ್ಧಕ್ಕಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು. ಅವರಲ್ಲಿ ಬಹುಪಾಲು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಹಾಗಾದರೆ ಅವರ ಮಾತು ಎಲ್ಲಿ ಉಳಿದಿದೆ? ಹೆಚ್ಚಾಗಿ, ಅವರ ಮೇಲೆ ಕಣ್ಣಿಟ್ಟವರ ಕಡತಗಳಲ್ಲಿ.

ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಟಪಾಲನ್ನು ಓದುವುದಕ್ಕೆಂದೇ ಸರ್ಕಾರ ಒಂದು ಸೆನ್ಸಾರ್ ಕಚೇರಿ ತೆರೆದಿತ್ತು. ಅಲ್ಲಿನವರು ಪತ್ರಗಳನ್ನು ಒಡೆದು, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದು, ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಮೂಲ ಪತ್ರಗಳು ಬಹುತೇಕ ಕಳೆದುಹೋಗಿವೆ, ವರದಿಗಳು ಲಂಡನ್ನಿನಲ್ಲಿ ಉಳಿದಿವೆ. 1999ರಲ್ಲಿ ಡೇವಿಡ್ ಒಮಿಸ್ಸಿ ಅವುಗಳಿಂದ ಆಯ್ದು 'ಇಂಡಿಯನ್ ವಾಯ್ಸಸ್ ಆಫ್ ದಿ ಗ್ರೇಟ್ ವಾರ್' ಎಂಬ ಸಂಕಲನ ತಂದ ಮೇಲೆ ನಮ್ಮಂಥವರ ಕೈಗೂ ಸಿಕ್ಕವು.

ಈ ಪತ್ರಗಳನ್ನು ಸಿಪಾಯಿಯ 'ನೇರ ದನಿ' ಎಂದು ಕರೆಯುವ ರೂಢಿ ಬೆಳೆದಿದೆ. ನನಗದು ಒಪ್ಪಿಗೆಯಿಲ್ಲ. ಸಿಪಾಯಿ ಹೇಳುತ್ತಿದ್ದ, ಅನೇಕ ವೇಳೆ ಬರೆಯುತ್ತಿದ್ದವನು ಇನ್ನೊಬ್ಬ. ಒಬ್ಬ ಆಯ್ದ, ಮತ್ತೊಬ್ಬ ಅನುವಾದಿಸಿದ. ಇಷ್ಟು ಕೈ ದಾಟಿ ಬಂದದ್ದನ್ನು ಬರೀ ಕಣ್ಣೀರಿನಂತೆ ಓದಿದರೆ ಬರೆಸಿದವನ ಜಾಣತನಕ್ಕೆ ಅವಮಾನ. ತನ್ನ ಪತ್ರವನ್ನು ಮೂರನೆಯವನೊಬ್ಬ ಓದುತ್ತಾನೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೆಲವರು ಅದಕ್ಕೆಂದೇ ಅಡುಗೆಮನೆಯ ಭಾಷೆ ಹಿಡಿದರು. ಕರಿಮೆಣಸು ಎಂದರೆ ಭಾರತೀಯ ಸೈನಿಕ, ಕೆಂಪು ಮೆಣಸು ಎಂದರೆ ಬ್ರಿಟಿಷ್ ಸೈನಿಕ. ಕರಿಮೆಣಸು ತೀರುತ್ತಾ ಬಂತು ಎಂದರೆ ಮನೆಯವರು ಅರ್ಥ ಮಾಡಿಕೊಳ್ಳಬೇಕು, ಇನ್ನು ಯಾರೂ ಸೇನೆ ಸೇರಬೇಡಿ ಅಂತ. ಇದು ಒಗಟು ಕಟ್ಟುವ ಜನರ ಭಾಷೆ. ಅಕ್ಷರ ಬಾರದವರ ಕೈಯಲ್ಲೂ ರೂಪಕ ಎಷ್ಟು ಹರಿತವಾಗಿರುತ್ತದೆ ನೋಡಿ.

ಇಲ್ಲೊಂದು ತಮಾಷೆಯಿದೆ, ಕಹಿ ತಮಾಷೆ. ಮೆಣಸಿನ ಗುಟ್ಟು ನಮಗೆ ಗೊತ್ತಾಗಿರುವುದು ಅದು ಸೆನ್ಸಾರಿಗೂ ಗೊತ್ತಾದ್ದರಿಂದ. ಸಿಕ್ಕಿಬಿದ್ದ ಒಗಟು ವರದಿಗೆ ಸೇರಿ ಉಳಿಯಿತು. ಗುಟ್ಟು ಕಾಪಾಡಿಕೊಂಡ ಒಗಟು ಊರು ತಲುಪಿ, ಯಾರಿಂದಲೋ ಓದಿಸಿಕೊಂಡು, ಒಲೆಗೋ ಗೆದ್ದಲಿಗೋ ಹೋಯಿತು. ಅಂದರೆ ನಮ್ಮ ಕೈಲಿರುವ ಸಂಗ್ರಹದ ಆಚೆ, ಅದಕ್ಕಿಂತ ಜಾಣವಾದ ಇನ್ನೊಂದು ಸಾಹಿತ್ಯ ಇದ್ದಿರಲೇಬೇಕು. ಅದು ನಮಗೆಂದೂ ಸಿಗುವುದಿಲ್ಲ.

ಕಥೆಗಾರರು ಈ ಮೌನವನ್ನು ಹೇಗೆ ಎದುರಿಸಿದರು? ಚಂದ್ರಧರ ಶರ್ಮಾ ಗುಲೇರಿಯವರ ಹಿಂದಿ ಕಥೆ 'ಉಸನೇ ಕಹಾ ಥಾ' ಪ್ರಕಟವಾದದ್ದು 1915ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ. ಎಲ್ಲರೂ ಅದನ್ನು ಪ್ರೇಮಕಥೆ ಎನ್ನುತ್ತಾರೆ. ನನ್ನನ್ನು ಕಾಡುವುದು ಅದರ ಕೊನೆ. ಕಂದಕದಲ್ಲಿ ಸಾಯುತ್ತಿರುವ ಲೆಹ್ನಾ ಸಿಂಗ್‌ನ ನೆನಪುಗಳಲ್ಲಿ ನಾವು ಮುಳುಗಿರುವಾಗ, ಕಥೆ ಥಟ್ಟನೆ ಪತ್ರಿಕೆಯಲ್ಲಿ ಬಂದ ಒಂದು ಸಾವಿನ ಸುದ್ದಿಯಾಗಿ ನಿಂತುಬಿಡುತ್ತದೆ. ಹೆಸರು, ಹುದ್ದೆ, ರೆಜಿಮೆಂಟು, ಅಷ್ಟೇ.

ಮುಲ್ಕ್ ರಾಜ್ ಆನಂದರ 'ಅಕ್ರಾಸ್ ದಿ ಬ್ಲ್ಯಾಕ್ ವಾಟರ್ಸ್' ಕಾದಂಬರಿಯ ಲಾಲು ಪಂಜಾಬಿನ ರೈತನ ಮಗ. ಮಾರ್ಸೇಯ್ ಬಂದರಿನಲ್ಲಿ ಇಳಿದು ಫ್ರಾನ್ಸನ್ನು ಬೆರಗಿನಿಂದ ನೋಡುತ್ತಾನೆ. ಆ ಬೆರಗಿನಲ್ಲಿ ಅನೇಕ ಕಡೆ ಲಾಲುವಿಗಿಂತ ಲಂಡನ್ನಿನಲ್ಲಿ ಓದಿದ ಆನಂದರೇ ಹೆಚ್ಚು ಕಾಣುತ್ತಾರೆ. ಕಾದಂಬರಿ ಜೀವ ತಳೆಯುವುದು ಸಿಪಾಯಿಗಳು ತಮಗೆ ಅರ್ಥವಾಗದ ಯುದ್ಧದ ಬಗ್ಗೆ ಹರಟುವಾಗ, ಬೈದಾಡುವಾಗ. ಪಂಜಾಬಿ ಬೈಗುಳವನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಂದಿದ್ದಾರೆ ಎಂದು ವಿಮರ್ಶಕರು ಮೂಗು ಮುರಿದದ್ದುಂಟು. ನನಗೋ, ಅದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದಲು ಏನೂ ಕಷ್ಟವಾಗಲಿಲ್ಲ.

ಸಿಪಾಯಿಗಾದರೂ ಇಷ್ಟು ದಕ್ಕಿತು. ಹೇಸರಗತ್ತೆ ಕಾದವರು, ನೀರು ಹೊತ್ತವರು, ಕಕ್ಕಸು ಬಳಿದವರು ಹೀಗೆ ಐದು ಲಕ್ಷಕ್ಕೂ ಹೆಚ್ಚು ಮಂದಿ ಬಂದೂಕಿಲ್ಲದೆ ಯುದ್ಧಕ್ಕೆ ಹೋಗಿದ್ದರು. ರಾಧಿಕಾ ಸಿಂಘಾ ಅವರ 'ದಿ ಕೂಲೀಸ್ ಗ್ರೇಟ್ ವಾರ್' ಇವರ ಕುರಿತ ಪುಸ್ತಕ. ಅದು ಬಂದದ್ದು 2020ರಲ್ಲಿ, ಯುದ್ಧ ಮುಗಿದು ನೂರು ವರ್ಷ ಕಳೆದ ಮೇಲೆ. ಇಂಗ್ಲೆಂಡಿನ ಬ್ರಾಕನ್‌ಹರ್ಸ್ಟ್ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ ಸುಖಾ ಎಂಬುವನ ಸಮಾಧಿಯಿದೆ. ಭಾರತೀಯ ಸೇನಾ ಆಸ್ಪತ್ರೆಯಲ್ಲಿ ಜಾಡಮಾಲಿಯಾಗಿದ್ದ ಅವನು 1915ರ ಜನವರಿಯಲ್ಲಿ ತೀರಿಕೊಂಡ. ಅಸ್ಪೃಶ್ಯನೆಂದು ಹಿಂದೂಗಳು ದಹನಕ್ಕೆ ಒಪ್ಪಲಿಲ್ಲ, ಮುಸ್ಲಿಮರು ತಮ್ಮ ಸ್ಮಶಾನದಲ್ಲಿ ಜಾಗ ಕೊಡಲಿಲ್ಲ ಎಂಬ ವೃತ್ತಾಂತ ಪ್ರಚಲಿತವಾಗಿದೆ. ಕಲ್ಲು ನಿಲ್ಲಿಸಿದವರು ಆ ಊರಿನ ಕ್ರೈಸ್ತರು. ಕಡಲು ದಾಟಿದರೂ ಜಾತಿ ದಾಟಲಾಗಲಿಲ್ಲ ಎನ್ನುವುದನ್ನು ನಾವು ಯಾವ ವಿಜಯೋತ್ಸವದಲ್ಲೂ ನೆನೆಯುವುದಿಲ್ಲ.

ಕೊನೆಗೆ, ನಿಜವಾಗಿಯೂ ಕಿವಿಗೆ ಕೇಳುವ ಒಂದು ದನಿ. ಬರ್ಲಿನ್ ಬಳಿಯ ವ್ಯೂನ್ಸ್‌ಡಾರ್ಫ್ ಸೆರೆಶಿಬಿರದಲ್ಲಿ ಜರ್ಮನ್ ವಿದ್ವಾಂಸರು ಭಾಷೆಗಳ ಮಾದರಿ ಸಂಗ್ರಹಿಸಲು ಕೈದಿಗಳ ಮಾತನ್ನು ಧ್ವನಿಮುದ್ರಿಸಿಕೊಂಡರು. 1916ರ ಡಿಸೆಂಬರ್ 11ರಂದು ಮಲ್ ಸಿಂಗ್ ಎಂಬ ಸಿಪಾಯಿ ಯಂತ್ರದ ಮುಂದೆ ನಿಂತು ಪಂಜಾಬಿಯಲ್ಲಿ ಮಾತಾಡಿದ. ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯನ ಕಥೆ ಅದು. ಆ ಮನುಷ್ಯ ಯುದ್ಧಕ್ಕೆ ಬಂದ, ಸೆರೆಸಿಕ್ಕ, ಈಗ ಊರಿಗೆ ಹೋಗಬೇಕೆನ್ನುತ್ತಾನೆ, ಇನ್ನೆರಡು ವರ್ಷ ಇಲ್ಲೇ ಇರಬೇಕಾದರೆ ಸತ್ತುಹೋಗುತ್ತಾನೆ. ತನ್ನದೇ ಬದುಕನ್ನು 'ನಾನು' ಎಂದು ಹೇಳದೆ, ಅಜ್ಜಿಕಥೆಯ 'ಒಂದೂರಲ್ಲಿ ಒಬ್ಬ' ಎಂಬಂತೆ ಹೇಳಿಕೊಂಡ. ಮುಂದೆ 2007ರಲ್ಲಿ ಫಿಲಿಪ್ ಶೆಫ್ನರ್ ಈ ದನಿಯ ಜಾಡು ಹಿಡಿದು 'ದಿ ಹಾಫ್‌ಮೂನ್ ಫೈಲ್ಸ್' ಎಂಬ ಚಿತ್ರ ಮಾಡಿದರು. ಕಾವಲಿನ ನಡುವೆ 'ನಾನು' ಎನ್ನುವುದು ಅಪಾಯವೆಂದೋ, 'ನಾನು' ಎಂದರೆ ಅಳು ಬರುತ್ತದೆಂದೋ, ಅಥವಾ ಕಥೆ ಹೇಳುವುದು ಹೀಗೇ ಎಂದು ಊರಿನಲ್ಲಿ ಕಲಿತಿದ್ದನೋ. ವಿದ್ವಾಂಸರಿಗೆ ಇವು ಯಾವುವೂ ಬೇಕಿರಲಿಲ್ಲ. ಅವರು ಬಂದದ್ದು ಉಚ್ಚಾರಣೆ ದಾಖಲಿಸಿಕೊಳ್ಳಲು.