ಒರಟು ಕೂದಲಿಗೆ ಪ್ಯಾರಿಸ್ಸಿನ ಕ್ರೀಮು, ನಮ್ಮ ಸುಜ್ಜಲು

ಕೋಲಾರ ಚಿನ್ನದ ಗಣಿ ಸೀಮೆಯ ನಮ್ಮ ಊರಿಗಾಂನಲ್ಲಿ ಮೋಡ ಕವಿದರೆ ಸಾಕು, ನನ್ನ ಒರಟು ಕೂದಲು ಎದ್ದು ನಿಲ್ಲುತ್ತದೆ. ಗಾಳಿಯ ತೇವ ಕೂದಲೊಳಗೆ ಇಳಿದು ಕೆರಟಿನ್‌ನ ಹೈಡ್ರೋಜನ್ ಬಂಧಗಳನ್ನು ಕದಲಿಸುವುದೇ ಇದಕ್ಕೆ ಕಾರಣ.

1964ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಕೆರಸ್ತಾಸ್ ಬ್ರ್ಯಾಂಡಿನ ಕಂಡೀಷನರ್ ಕ್ರೀಮು ಹಚ್ಚಿ ನೋಡಿದೆ. ಕಂಡೀಷನರಿನ ಧನ ಆವೇಶದ ಅಣುಗಳು ಸವೆದ ಕೂದಲಿನ ಋಣ ಆವೇಶಕ್ಕೆ ಅಂಟಿ, ಎದ್ದ ಪೊರೆಯನ್ನು ಮಲಗಿಸುತ್ತವೆ. ಬಾಚಣಿಗೆ ಎಲ್ಲೂ ತಡೆಯದೆ ತುದಿಯವರೆಗೆ ಇಳಿಯಿತು. ಆ ರಸಾಯನ ವಿದ್ಯೆಗೆ ಮನಸಾರೆ ಶರಣು.

ಆದರೂ ತಲೆಯ ಎಣ್ಣೆ ಇಳಿಸಲು ನನಗೆ ಸುಜ್ಜಲು ಪುಡಿಯೇ ಬೇಕು. ಗಣಿ ಲೈನುಗಳ ತಮಿಳು ಮನೆಗಳಲ್ಲಿ ಅದು ಅರಪ್ಪು. ಸುಜ್ಜಲು ಬಯಲುಸೀಮೆಯ ಒಣ ಕುರುಚಲು ಕಾಡಿನ ಮರ. ಎಲೆ ಒಣಗಿಸಿ, ಕುಟ್ಟಿ, ಅನ್ನ ಬಸಿದ ಗಂಜಿಯಲ್ಲಿ ಕಲಸಿದರೆ ಲೋಳೆಯಾದ ಹಸಿರು ಮುದ್ದೆ. ಎಲೆಯ ಸಪೋನಿನ್ ಜಿಡ್ಡನ್ನು ಬಿಡಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಕ್ಯಾಲ್ಸಿಯಂ ಸೇರಿ ಬಿಳಿ ಗಸಿ ಕಟ್ಟುತ್ತದೆ, ಕೂದಲು ಇನ್ನಷ್ಟು ಒರಟಾಗುತ್ತದೆ. ಸುಜ್ಜಲಿಗೆ ಆ ತೊಂದರೆಯಿಲ್ಲ. ಕಣ್ಣಿಗೆ ಬಿದ್ದರೆ ಮಾತ್ರ ಉರಿ ಜೋರು. ರಾಬರ್ಟ್‌ಸನ್‌ಪೇಟೆಗೆ ಹೋದಾಗ ಸಣ್ಣ ಜರಡಿಯ ಪುಡಿಯನ್ನೇ ಕೇಳಿ ತರುತ್ತೇನೆ. ತರಿಯಾಗಿದ್ದರೆ ಎಲೆಚೂರು ಕೂದಲಲ್ಲೇ ಉಳಿಯುತ್ತದೆ.